ಒಂದು ಅಕ್ಷರದ ಬೆಲೆ: ಅಮೆರಿಕದ ಅಪರೂಪದ ಚಿನ್ನದ ನಾಣ್ಯಗಳು

ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದ ನಿವಾಸಿಯೊಬ್ಬರು ತಮ್ಮ ಬಳಿಯಿದ್ದ ಐದು ಡಾಲರ್ ಮುಖಬೆಲೆಯ ಹಳೆಯ ಚಿನ್ನದ ನಾಣ್ಯವನ್ನು ಕೆಲವು ನಾಣ್ಯ ವ್ಯಾಪಾರಿಗಳಿಗೆ ತೋರಿಸಿದ್ದರು. ಅದು ಖೋಟಾ ಎಂಬುದೇ ಅವರೆಲ್ಲರ ಅಭಿಪ್ರಾಯವಾಗಿತ್ತು. ಆದರೂ ಅವರು ಅದನ್ನು ಎನ್‌ಜಿಸಿ ಎಂಬ ನಾಣ್ಯ ಪರೀಕ್ಷಾ ಸಂಸ್ಥೆಗೆ ಒಪ್ಪಿಸಿದರು. 2018ರಲ್ಲಿ ಸಂಸ್ಥೆಯು ನಾಣ್ಯ ಅಸಲಿ ಎಂದು ಪ್ರಕಟಿಸಿತು. ಅದೇ ಆಗಸ್ಟ್‌ನಲ್ಲಿ ಅದು ಹರಾಜಿನಲ್ಲಿ 21.6 ಲಕ್ಷ ಡಾಲರ್‌ಗೆ ಮಾರಾಟವಾಯಿತು.

ಅದು 1854ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯ. ಅದರ ತೂಕ 8.36 ಗ್ರಾಂ, ನಮ್ಮಲ್ಲಿ ಒಂದು ಸವರನ್ ಎನ್ನುವ ಎಂಟು ಗ್ರಾಂಗಿಂತ ತುಸು ಹೆಚ್ಚು. ಅಷ್ಟೇ ಚಿನ್ನವಿರುವ, ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ಅಚ್ಚಾದ ನಾಣ್ಯಗಳ ಸಂಖ್ಯೆ ಲಕ್ಷಕ್ಕೂ ಹೆಚ್ಚು. ಎರಡನ್ನೂ ಬೇರ್ಪಡಿಸುವುದು ಹಿಂಬದಿಯಲ್ಲಿರುವ ‘ಎಸ್’ ಎಂಬ ಒಂದೇ ಅಕ್ಷರ.

ಹಿನ್ನೆಲೆ

1792ರ ನಾಣ್ಯ ಕಾಯ್ದೆಯ ಅನ್ವಯ ಅಮೆರಿಕದ ಮೊದಲ ಚಿನ್ನದ ನಾಣ್ಯಗಳು 1795ರಲ್ಲಿ ಫಿಲಡೆಲ್ಫಿಯಾದಲ್ಲಿ ಸಿದ್ಧವಾದವು. ಹತ್ತು ಡಾಲರ್ ನಾಣ್ಯಕ್ಕೆ ‘ಈಗಲ್’, ಐದು ಡಾಲರ್‌ಗೆ ‘ಹಾಫ್ ಈಗಲ್’, ಎರಡೂವರೆ ಡಾಲರ್‌ಗೆ ‘ಕ್ವಾರ್ಟರ್ ಈಗಲ್’ ಎಂದು ಹೆಸರು. 1849ರಲ್ಲಿ ಒಂದು ಡಾಲರ್, 1850ರಲ್ಲಿ ಇಪ್ಪತ್ತು ಡಾಲರ್‌ನ ‘ಡಬಲ್ ಈಗಲ್’, 1854ರಲ್ಲಿ ಮೂರು ಡಾಲರ್ ನಾಣ್ಯಗಳು ಚಲಾವಣೆಗೆ ಬಂದವು.

ಚಿನ್ನ ದೊರೆತ ಪ್ರದೇಶಗಳಲ್ಲಿ ಹೊಸ ಟಂಕಸಾಲೆಗಳು ತಲೆಯೆತ್ತಿದವು. ಷಾರ್ಲಟ್ (ಸಿ) ಮತ್ತು ಡಾಲೊನೆಗಾ (ಡಿ) ಟಂಕಸಾಲೆಗಳು 1838ರಿಂದ 1861ರವರೆಗೆ ಚಿನ್ನದ ನಾಣ್ಯಗಳನ್ನಷ್ಟೇ ಮುದ್ರಿಸಿದವು. ನ್ಯೂ ಆರ್ಲಿಯನ್ಸ್ (ಓ) ಕೂಡ 1838ರಲ್ಲೇ ಆರಂಭವಾಯಿತು. ಸ್ಯಾನ್ ಫ್ರಾನ್ಸಿಸ್ಕೊ (ಎಸ್) 1854ರಲ್ಲಿ, ನೆವಾಡದ ಕಾರ್ಸನ್ ಸಿಟಿ (ಸಿಸಿ) 1870ರಲ್ಲಿ ಕೆಲಸ ತೊಡಗಿದವು. ಆ ಶತಮಾನದಲ್ಲಿ ಫಿಲಡೆಲ್ಫಿಯಾದ ಚಿನ್ನದ ನಾಣ್ಯಗಳಿಗೆ ಟಂಕಸಾಲೆಯ ಗುರುತೇ ಇರಲಿಲ್ಲ. ಖೋಟಾಗಾರರಿಗೆ ಅನುಕೂಲವಾದದ್ದು ಈ ಅಂಶವೇ.

ಅಪರೂಪವಾದದ್ದೇಕೆ?

ಕೆಲವು ನಾಣ್ಯಗಳು ಅಚ್ಚಾದದ್ದೇ ಕಡಿಮೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1854ರಲ್ಲಿ 1,41,468 ಡಬಲ್ ಈಗಲ್‌ಗಳು ಅಚ್ಚಾದರೆ, ಹಾಫ್ ಈಗಲ್‌ಗಳು ಕೇವಲ 268. ಕಾರ್ಸನ್ ಸಿಟಿಯ 1870ರ ಡಬಲ್ ಈಗಲ್‌ಗಳು 3,789 ಮಾತ್ರ.

ಇನ್ನು ಕೆಲವು ಕುಲುಮೆಯ ಪಾಲಾದವು. 1834ಕ್ಕೆ ಮುಂಚಿನ ನಾಣ್ಯಗಳಲ್ಲಿದ್ದ ಚಿನ್ನದ ಬೆಲೆ ಮುಖಬೆಲೆಯನ್ನು ಮೀರಿದ್ದರಿಂದ ಅವು ಅಪಾರ ಪ್ರಮಾಣದಲ್ಲಿ ಕರಗಿಹೋದವು. 1822ರಲ್ಲಿ 17,796 ಹಾಫ್ ಈಗಲ್‌ಗಳು ಅಚ್ಚಾದ ದಾಖಲೆ ಇದ್ದರೂ ಇಂದು ತಿಳಿದಿರುವುದು ಮೂರು ಮಾತ್ರ. ಎರಡು ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿವೆ. ಮೂರನೆಯದು 2021ರ ಮಾರ್ಚ್‌ನಲ್ಲಿ 84 ಲಕ್ಷ ಡಾಲರ್‌ಗೆ ಹರಾಜಾಯಿತು. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಚಿನ್ನವನ್ನು ಸರ್ಕಾರಕ್ಕೆ ಒಪ್ಪಿಸುವಂತೆ ಆದೇಶಿಸಿದಾಗ ಅಪರೂಪದ ನಾಣ್ಯಗಳಿಗೆ ವಿನಾಯಿತಿ ಇತ್ತಾದರೂ, ಸಾಮಾನ್ಯ ನಾಣ್ಯಗಳು ರಾಶಿರಾಶಿಯಾಗಿ ಕರಗಿದವು. ಚಿನ್ನ ಹೊಂದುವ ನಿರ್ಬಂಧ ತೆರವಾದದ್ದು 1974ರ ಕೊನೆಯ ದಿನ.

ಹೀಗಾಗಿ ಹಳೆಯದೆಲ್ಲ ಅಪರೂಪವಲ್ಲ. 1857ರಲ್ಲಿ ಮುಳುಗಿದ ‘ಎಸ್.ಎಸ್. ಸೆಂಟ್ರಲ್ ಅಮೆರಿಕ’ ಹಡಗಿನ ಅವಶೇಷ 1988ರಲ್ಲಿ ಪತ್ತೆಯಾಯಿತು. ಅಲ್ಲಿಂದ ಅದೇ ವರ್ಷದ ಸ್ಯಾನ್ ಫ್ರಾನ್ಸಿಸ್ಕೊ ಡಬಲ್ ಈಗಲ್‌ಗಳೇ ಐದು ಸಾವಿರಕ್ಕೂ ಹೆಚ್ಚು ದೊರೆತವು.

ಖೋಟಾ ಬಗೆಗಳು

ಮೊದಲ ಬಗೆ, ಅಸಲಿ ನಾಣ್ಯದಿಂದ ಅಚ್ಚು ತೆಗೆದು ನಿಜವಾದ ಚಿನ್ನದಲ್ಲೇ ಮುದ್ರಿಸಿದ್ದು. ಇಲ್ಲಿ ಒರೆಗಲ್ಲಿನ ಪರೀಕ್ಷೆ ಏನನ್ನೂ ಹೇಳದು. ಚಿನ್ನ ಶುದ್ಧವೇ, ನಾಣ್ಯ ಮಾತ್ರ ಸುಳ್ಳು. ಎರಡನೆಯದು, ಅಸಲಿ ಫಿಲಡೆಲ್ಫಿಯಾ ನಾಣ್ಯಕ್ಕೆ ಅಪರೂಪದ ಟಂಕಸಾಲೆಯ ಅಕ್ಷರವನ್ನು ಅಂಟಿಸಿದ್ದು. ಕೇವಲ ಮೂರು ನಾಣ್ಯಗಳಷ್ಟೇ ತಿಳಿದಿದ್ದ 1854ರ ‘ಎಸ್’ ನಾಣ್ಯವನ್ನು ಕಂಡೊಡನೆ ವ್ಯಾಪಾರಿಗಳು ಸಂಶಯಪಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಪರೀಕ್ಷೆ ಹೇಗೆ?

ಮೊದಲು ತೂಕ ಮತ್ತು ಅಳತೆ. 1837ರ ನಂತರದ ನಾಣ್ಯಗಳಲ್ಲಿ ಶೇ 90ರಷ್ಟು ಚಿನ್ನವಿದೆ. ಹತ್ತು ಡಾಲರ್ ನಾಣ್ಯ 16.72 ಗ್ರಾಂ, ಇಪ್ಪತ್ತು ಡಾಲರ್ ನಾಣ್ಯ 33.44 ಗ್ರಾಂ ತೂಗಬೇಕು. ಸಾಂದ್ರತೆ ಸುಮಾರು 17.2 ಇರಬೇಕು. ಇದರಲ್ಲಿ ಸೋತರೆ ನಾಣ್ಯ ಬಹುತೇಕ ಖೋಟಾ. ಗೆದ್ದ ಮಾತ್ರಕ್ಕೆ ಅಸಲಿಯಲ್ಲ.

ನಂತರ ಭೂತಗನ್ನಡಿಯ ಸರದಿ. ಅಂಟಿಸಿದ ಅಕ್ಷರದ ಬುಡದಲ್ಲಿ ಬೆಸುಗೆಯ ಗೆರೆ ಕಾಣಬಹುದು. ಬೇರೆ ಬೇರೆ ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಆಕಾರದ ತಗ್ಗು ಮರುಕಳಿಸಿದರೆ, ಅವೆಲ್ಲ ಒಂದೇ ಕಳ್ಳಅಚ್ಚಿನಿಂದ ಬಂದಿರುವ ಸಂಭವವಿದೆ.

ಅಚ್ಚಿನ ಹೋಲಿಕೆ ಅಂತಿಮ ಹಂತ. ಆ ಕಾಲದಲ್ಲಿ ಇಸವಿ ಮತ್ತು ಟಂಕಸಾಲೆಯ ಗುರುತನ್ನು ಪ್ರತಿ ಅಚ್ಚಿಗೂ ಕೈಯಿಂದಲೇ ಒತ್ತುತ್ತಿದ್ದರು. ಆದ್ದರಿಂದ ಅವುಗಳ ಸ್ಥಾನ ಅಚ್ಚಿನಿಂದ ಅಚ್ಚಿಗೆ ಕೂದಲೆಳೆಯಷ್ಟು ವ್ಯತ್ಯಾಸವಾಗುತ್ತದೆ. ಅದು ಅಚ್ಚಿನ ಬೆರಳ ಗುರುತಿದ್ದಂತೆ. ಎನ್‌ಜಿಸಿ ತಜ್ಞರು ತಮ್ಮ ಮುಂದಿದ್ದ ನಾಣ್ಯವನ್ನು ಸ್ಮಿತ್ಸೋನಿಯನ್‌ನಲ್ಲಿರುವ ನಾಣ್ಯದ ಚಿತ್ರಗಳೊಂದಿಗೆ ಹೋಲಿಸಿಯೇ ತೀರ್ಮಾನಕ್ಕೆ ಬಂದರು.

ಇನ್ನೊಂದು ಪ್ರಶ್ನೆಯೂ ಉತ್ತರ ಬೇಡುತ್ತಿತ್ತು. 1854ರ ‘ಎಸ್’ ನಾಣ್ಯಗಳಲ್ಲೊಂದು 1967ರಲ್ಲಿ ಫ್ಲಾರಿಡಾದ ಡು ಪಾಂಟ್ ಕುಟುಂಬದ ಮನೆಯಿಂದ ದರೋಡೆಯಾಗಿತ್ತು. ಇದು ಅದೇ ಆಗಿದ್ದರೆ ಅಸಲಿಯಾದರೂ ಮಾರುವಂತಿರಲಿಲ್ಲ. ಹಳೆಯ ಚಿತ್ರಗಳೊಂದಿಗೆ ಹೋಲಿಸಿ, ಇದು ಬೇರೆ ನಾಣ್ಯವೆಂದು ಖಚಿತಪಡಿಸಿಕೊಳ್ಳಲಾಯಿತು.

ಸಂಗ್ರಹಕಾರರು ಗಮನಿಸಬೇಕಾದದ್ದು

* ನಾಣ್ಯವನ್ನು ಅಂಟುವಾಳದಿಂದಾಗಲಿ, ಬೇರಾವುದರಿಂದಾಗಲಿ ತಿಕ್ಕಿ ಹೊಳಪಿಸಬಾರದು. ಮೂಲ ಮೇಲ್ಮೈ ಹೋದರೆ ಬೆಲೆಯೂ ಕುಸಿಯುತ್ತದೆ. ಒರೆಗಲ್ಲಿಗೂ ಹಚ್ಚಬಾರದು.

* ಪಿಸಿಜಿಎಸ್ (1986) ಮತ್ತು ಎನ್‌ಜಿಸಿ (1987) ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, 1ರಿಂದ 70ರ ಮಾಪಕದಲ್ಲಿ ದರ್ಜೆ ನೀಡಿ, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಡುತ್ತವೆ. ಕವಚಗಳೂ ನಕಲಾಗುತ್ತಿರುವುದರಿಂದ ಪ್ರಮಾಣಪತ್ರದ ಸಂಖ್ಯೆ ಮತ್ತು ಚಿತ್ರವನ್ನು ಸಂಸ್ಥೆಯ ದಾಖಲೆಯೊಂದಿಗೆ ತಾಳೆ ನೋಡಬೇಕು.

* ಹಿಂದಿನ ಮಾಲೀಕರು, ಹಳೆಯ ಹರಾಜು ಪಟ್ಟಿಗಳ ವಿವರ ಕೇಳಿ ಪಡೆಯಬೇಕು. ಕಳವಿನ ಮಾಲಿನ ಅಪಾಯವನ್ನು ತಪ್ಪಿಸಿಕೊಳ್ಳಲು ಇದೊಂದು ಮುಖ್ಯ ದಾರಿ.

* ಬೆಲೆ ಅತಿ ಅಗ್ಗವೆನಿಸಿದರೆ ಅದೇ ಮೊದಲ ಎಚ್ಚರಿಕೆ.

ಖೋಟಾವನ್ನು ಅಸಲಿ ಎಂದು ನಂಬಿ ಹಣ ಕಳೆದುಕೊಂಡವರು ಬಹಳ. ಅಸಲಿಯನ್ನೇ ಖೋಟಾ ಎಂದು ತಳ್ಳಿಹಾಕುವ ತಪ್ಪೂ ಸಾಧ್ಯ ಎಂಬುದನ್ನು 2018ರ ಪ್ರಕರಣ ತೋರಿಸಿಕೊಟ್ಟಿದೆ. ಎರಡಕ್ಕೂ ಪರಿಹಾರ ಒಂದೇ: ಅಭಿಪ್ರಾಯಕ್ಕಿಂತ ಪರೀಕ್ಷೆಯನ್ನು ನಂಬುವುದು.