ಮಾತಿನ ಮನುಷ್ಯ ತೆಗೆದ ಮೂಕಿ ಚಿತ್ರ

ನಮ್ಮ ಜವಳಗಿರಿಯವರಿಗೆ ಆನೆ ಹೊಸದಲ್ಲ. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಹಿಂಡು ಬಂದೇ ಬರುತ್ತದೆ. ಆದರೂ ನಮ್ಮಜ್ಜ ಬಾಯ್ತುಂಬ ಹೇಳುತ್ತಿದ್ದದ್ದು ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಡೆದು ಬಂದ ಆನೆಯ ಕಥೆ. ನಾವಾಗ ಮದ್ರಾಸು ಪ್ರಾಂತ್ಯದ ಸೇಲಂ ಜಿಲ್ಲೆಯವರು. ಕನ್ನಡ ನಾಟಕ ನೋಡುವ ಆಸೆಯಾದರೆ ಬೆಂಗಳೂರಿನ ದಾರಿ ಹಿಡಿಯಬೇಕಿತ್ತು.

ಆ ಆನೆಯನ್ನು ರಂಗಕ್ಕೆ ತಂದ ಗುಬ್ಬಿ ವೀರಣ್ಣನವರು ಸಿನಿಮಾ ನಿರ್ಮಾಪಕರೂ ಆಗಿದ್ದರೆಂಬುದನ್ನು ನಾವು ಬೇಗ ಮರೆತೆವು. ನನಗೆ ಅದೇ ಸಂಕಟ. ವೀರಣ್ಣನವರು ಹುಟ್ಟಿದ್ದು 1891ರಲ್ಲಿ, ಚಿಕ್ಕಂದಿನಲ್ಲೇ ಕಂಪನಿ ಸೇರಿ, ಮುಂದೆ ಅದರ ಒಡೆಯರಾದರು. ಹಾಡು, ಮಾತು, ಹಾಸ್ಯ, ಇವೇ ಅವರ ಬಂಡವಾಳ. ಹಾಗೆ ದುಡಿದ ಹಣವನ್ನು ಅವರು ಬೆಂಗಳೂರಿನಲ್ಲಿ ಮೂಕಿ ಚಿತ್ರಗಳಿಗೆ ಸುರಿದರು! ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಕಟ್ಟಿ, ಬೆಲ್ಜಿಯಂನ ರಫೇಲ್ ಆಲ್ಗೋಟ್ ಅವರಿಂದ ‘ಹಿಸ್ ಲವ್ ಅಫೇರ್’, ವೈ.ವಿ. ರಾವ್ ಅವರಿಂದ ‘ಹರಿಮಾಯಾ’ ಮಾಡಿಸಿದರು. ಹೊತ್ತು ಮಾತ್ರ ಅವರ ಕೈಹಿಡಿಯಲಿಲ್ಲ. 1931ರ ಮಾರ್ಚಿನಲ್ಲಿ ‘ಆಲಂ ಆರಾ’ ಬಂದು ತೆರೆಗೆ ಬಾಯಿ ಬಂದಿತ್ತು. ಮಾತು ಕೇಳಿದ ಜನ ಮತ್ತೆ ಮೂಕಿಗೆ ಯಾಕೆ ಕಾಸು ಕೊಟ್ಟಾರು?

ಅದೇ ಕಾಲಕ್ಕೆ ಜರ್ಮನಿಯಲ್ಲಿ ಎರಿಕ್ ಪೊಮ್ಮರ್ ಎಂಬ ನಿರ್ಮಾಪಕರಿದ್ದರು. ವೀರಣ್ಣನವರಿಗಿಂತ ಎರಡು ವರ್ಷ ದೊಡ್ಡವರು. ‘ಮೆಟ್ರೋಪೊಲಿಸ್’ ಎಂಬ ಭಾರಿ ಮೂಕಿ ಚಿತ್ರ ತೆಗೆದವರೇ 1930ರಲ್ಲಿ ‘ದಿ ಬ್ಲೂ ಏಂಜೆಲ್’ ಎಂಬ ಟಾಕಿಯನ್ನೂ ಗೆಲ್ಲಿಸಿದರು. ಅವರ ಬೆನ್ನಿಗೆ ಊಫಾದಂಥ ದೊಡ್ಡ ಸಂಸ್ಥೆಯಿತ್ತು. ಆದರೆ ಯಹೂದಿಯೆಂಬ ಕಾರಣಕ್ಕೆ 1933ರಲ್ಲಿ ಅಲ್ಲಿ ಅವರಿಗೆ ಜಾಗವೇ ಇಲ್ಲವಾಗಿ, ದೇಶ ಬಿಡಬೇಕಾಯಿತು. ವೀರಣ್ಣನವರ ಬೆನ್ನಿಗೆ ಇದ್ದದ್ದು ಊರೂರು ಅಲೆಯುವ ನಾಟಕದ ಡೇರೆ. ಸಿನಿಮಾ ಕೈಕೊಟ್ಟಾಗ ಮರಳಲು ಆ ಡೇರೆಯೇ ಅವರಿಗಿತ್ತು.

ಅಲ್ಲಿಗೇ ಅವರು ಸಿನಿಮಾ ಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಬಿಡಲಿಲ್ಲ. 1934ರಲ್ಲಿ ‘ಸತಿ ಸುಲೋಚನ’ ಕನ್ನಡದ ಮೊದಲ ಟಾಕಿಯಾಗಿ ಬಂತು. ಮರುವರ್ಷವೇ ಗುಬ್ಬಿ ಕಂಪನಿಯ ಹೆಸರಾಂತ ನಾಟಕ ‘ಸದಾರಮೆ’ ಸಿನಿಮಾ ಆಯಿತು. ಕಳ್ಳನ ಪಾತ್ರ ವೀರಣ್ಣನವರದೇ, ಸದಾರಮೆಯಾಗಿ ಅಶ್ವತ್ಥಮ್ಮ. ಸಾವಿರಾರು ಜನರನ್ನು ನಗಿಸಿದ್ದ ಆ ಕಳ್ಳನ ಮಾತು ಕಡೆಗೂ ತೆರೆಯ ಮೇಲೆ ಕೇಳಿಸಿತು. 1942ರಲ್ಲಿ ‘ಜೀವನ ನಾಟಕ’, 1954ರಲ್ಲಿ ‘ಬೇಡರ ಕಣ್ಣಪ್ಪ’. ಆ ಕಣ್ಣಪ್ಪನಾಗಿ ಬಂದವರು ಅವರದೇ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್.