ದಾಖಲಾತಿ ಪುಸ್ತಕದಿಂದ ಶುರುವಾಗಲಿ ಸ್ನೇಹ ಸಮ್ಮಿಲನ

ಕರ್ನಾಟಕದ ಊರೂರಿನ ಸರ್ಕಾರಿ ಶಾಲೆಗಳಲ್ಲಿ ಈಗ ಗುರುವಂದನೆ, ಸ್ನೇಹ ಸಮ್ಮಿಲನಗಳು ನಡೆಯುತ್ತಿವೆ. ನಿವೃತ್ತರಾಗಿ ಎಷ್ಟೋ ವರ್ಷವಾದ ಮೇಷ್ಟ್ರು, ಟೀಚರುಗಳನ್ನು ಹುಡುಕಿ ಕರೆತಂದು ಶಾಲು ಹೊದಿಸಿ ಕಾಲಿಗೆರಗುವುದು, ಹಳೆಯ ಕೋಣೆಯಲ್ಲಿ ಮತ್ತೆ ಬೆಂಚಿನ ಮೇಲೆ ಕೂತು ಹಾಜರಿ ಹೇಳುವುದು, ಶಾಲೆಗೆ ನೀರಿನ ಫಿಲ್ಟರನ್ನೋ ಗೋಡೆಗೆ ಬಣ್ಣವನ್ನೋ ಕೊಟ್ಟು ಬರುವುದು, ಇವೆಲ್ಲ ನಮ್ಮ ಸಾರ್ವಜನಿಕ ಬದುಕಿನಲ್ಲಿ ಉಳಿದಿರುವ ಒಳ್ಳೆಯ ಸಂಗತಿಗಳ ಸಾಲಿಗೆ ಸೇರತಕ್ಕವು. ಆದರೆ ಈ ಕೂಟಗಳು ಹುಟ್ಟುವ ಬಗೆಯನ್ನು ಸ್ವಲ್ಪ ಗಮನಿಸಬೇಕು. ಮೊದಲು ಮೂರ್ನಾಲ್ಕು ಮಂದಿ ಗೆಳೆಯರು ವಾಟ್ಸಾಪ್ ಗುಂಪು ಮಾಡುತ್ತಾರೆ. ಒಬ್ಬೊಬ್ಬರೂ ತಮ್ಮಲ್ಲಿರುವ ನಂಬರುಗಳನ್ನು ಸೇರಿಸುತ್ತಾರೆ. ಗುಂಪಿಗೆ ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷದ ಹೆಸರು ಬೀಳುತ್ತದೆ. ಹೀಗಾಗಿ ಈಗಾಗಲೇ ಒಬ್ಬರಿಗೊಬ್ಬರು ಸಿಗುತ್ತಿದ್ದವರೇ ಮತ್ತೊಮ್ಮೆ ಸಿಗುತ್ತಾರೆ. ಹತ್ತನೇ ತರಗತಿಯವರೆಗೆ ಬಂದವರಷ್ಟೇ ಸಹಪಾಠಿಗಳೆಂಬ ಎಣಿಕೆ, ಯಾರೂ ಬೇಕೆಂದು ಮಾಡದಿದ್ದರೂ, ತಾನಾಗಿ ನಿಂತುಬಿಡುತ್ತದೆ. ಸಮ್ಮಿಲನದ ಪಟ್ಟಿ ಫೋನಿನಿಂದಲ್ಲ, ಶಾಲೆಯ ದಾಖಲಾತಿ ಪುಸ್ತಕದಿಂದ ಶುರುವಾಗಬೇಕು ಎಂಬುದು ಈ ಲೇಖನದ ವಾದ.

ಮುಖ್ಯ ಶಿಕ್ಷಕರ ಕೋಣೆಯ ಬೀರುವಿನಲ್ಲಿರುವ ಆ ಪುಸ್ತಕದಲ್ಲಿ ಒಂದು ಮಗುವಿಗೆ ಒಂದು ಸಾಲು. ಸೇರಿದ ದಿನಾಂಕ, ಹೆಸರು, ತಂದೆಯ ಅಥವಾ ಪೋಷಕರ ಹೆಸರು, ಊರು, ಜಾತಿ, ಹುಟ್ಟಿದ ದಿನ, ಯಾವ ತರಗತಿಗೆ ಸೇರಿತು, ಯಾವ ತರಗತಿಯಲ್ಲಿ ಬಿಟ್ಟಿತು, ಬಿಟ್ಟದ್ದೇಕೆ. ಊರಿನ ಇತಿಹಾಸ ಬರೆಯಹೊರಟವರು ದೇವಸ್ಥಾನದ ಶಾಸನ ಹುಡುಕುತ್ತಾರೆ, ಕೈಫಿಯತ್ತು ಹುಡುಕುತ್ತಾರೆ. ಈ ಪುಸ್ತಕದ ಕಡೆ ನೋಡುವವರು ಕಡಿಮೆ. ಸಾಮಾನ್ಯ ಮನೆಗಳ ಮಕ್ಕಳ ಹೆಸರು ಸಾಲಾಗಿ, ವರ್ಷವಾರು ಸಿಗುವ ಬರಹ ಬಹಳಷ್ಟು ಹಳ್ಳಿಗಳಲ್ಲಿ ಇದೊಂದೇ. ಪುಟ ತಿರುವಿದರೆ ಎಷ್ಟೋ ಮಕ್ಕಳು ಜೂನ್ 1ರಂದೇ ಹುಟ್ಟಿರುವುದು ಕಾಣುತ್ತದೆ. ಜನನ ನೋಂದಣಿ ರೂಢಿಗೆ ಬಾರದ ಕಾಲದಲ್ಲಿ ಹೆತ್ತವರು ಮಳೆಯ ಲೆಕ್ಕದಲ್ಲೋ ಹಬ್ಬದ ಲೆಕ್ಕದಲ್ಲೋ ಹೇಳಿದ್ದನ್ನು ಕೇಳಿ, ಶಾಲೆ ತೆರೆಯುವ ಹೊತ್ತಿಗೆ ವಯಸ್ಸು ತುಂಬುವಂತೆ ಮೇಷ್ಟ್ರು ಬರೆದುಕೊಂಡ ದಿನಾಂಕ ಅದು. ಆ ದಿನಾಂಕವೇ ಮುಂದೆ ನೌಕರಿಗೂ ನಿವೃತ್ತಿಗೂ ಪಿಂಚಣಿಗೂ ಆಧಾರವಾಯಿತು. ಒಬ್ಬ ಮನುಷ್ಯನ ಇಡೀ ಬದುಕಿನ ಕಾಗದಪತ್ರಗಳು ಯಾವ ಸಾಲಿನ ಮೇಲೆ ನಿಂತಿವೆಯೋ, ಶಾಲೆಯ ಚರಿತ್ರೆ ಆ ಸಾಲನ್ನು ಬಿಟ್ಟು ಕಟ್ಟಡದ ಶಂಕುಸ್ಥಾಪನೆ, ದಾನಿಗಳ ಫಲಕಗಳಿಂದ ಶುರುವಾಗುವುದು ನ್ಯಾಯವಲ್ಲ.

ಸೇರಿದವರ ಪಟ್ಟಿಗೂ ಮುಗಿಸಿದವರ ಪಟ್ಟಿಗೂ ನಡುವೆ ಕಾಣೆಯಾದವರು ಯಾರು? 1991ರ ಜನಗಣತಿಯಲ್ಲಿ ರಾಜ್ಯದ ಗಂಡಸರ ಸಾಕ್ಷರತೆ ಶೇ. 67ರಷ್ಟಿದ್ದಾಗ ಹೆಂಗಸರದ್ದು ಶೇ. 44ರಷ್ಟಿತ್ತು. ಇಂದು ಸಮ್ಮಿಲನ ಮಾಡುತ್ತಿರುವ ಬಹುಪಾಲು ಬ್ಯಾಚುಗಳು ಆ ಆಸುಪಾಸಿನವು. ಹಿರಿಯ ಪ್ರಾಥಮಿಕ ಶಾಲೆ ಊರಲ್ಲೇ ಇತ್ತು. ಪ್ರೌಢಶಾಲೆ ಹೋಬಳಿ ಕೇಂದ್ರದಲ್ಲಿತ್ತು. ನಡುವಿನ ನಾಲ್ಕೈದು ಮೈಲಿ ದಾರಿಯಲ್ಲಿ ಹುಡುಗಿಯರ ಓದು ನಿಂತಿತು. ಏಳನೆಯ ತರಗತಿಗೆ ಪಬ್ಲಿಕ್ ಪರೀಕ್ಷೆಯಿದ್ದ ಕಾಲದಲ್ಲಿ ಅದರಲ್ಲಿ ನಪಾಸಾದ ಹುಡುಗ ನೇರ ಹೊಲಕ್ಕೆ, ಗ್ಯಾರೇಜಿಗೆ, ಇಲ್ಲವೇ ಹೋಟೆಲಿನ ಲೋಟ ತೊಳೆಯುವ ಕೆಲಸಕ್ಕೆ ಹೋದ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಹೈಸ್ಕೂಲು ಸೇರಲು 1935ರಲ್ಲಿ ಬೆಂಗಳೂರಿಗೆ ನಡೆದುಕೊಂಡೇ ಬಂದವರು. ಆ ನಡಿಗೆಯನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಅಂಥ ಪ್ರತಿಯೊಂದು ಹಳ್ಳಿ ಶಾಲೆಯಲ್ಲೂ ಅದೇ ಮಣೆಯ ಮೇಲೆ ಕೂತು, ಅದೇ ಮಗ್ಗಿ ಒಪ್ಪಿಸಿ, ಅಷ್ಟು ದೂರ ನಡೆಯಲಾಗದೆ ಉಳಿದ ಮಕ್ಕಳಿದ್ದರು. ಸಾಧಕರೊಬ್ಬರ ಹೆಸರು ಇರುವ ಪುಟದಲ್ಲೇ ಅವರ ಹೆಸರುಗಳೂ ಇರುತ್ತವೆ. ಮಕ್ಕಳು ಶಾಲೆ ಬಿಟ್ಟದ್ದು ದಡ್ಡತನದಿಂದ ಎನ್ನುವ ಮಾತನ್ನು ಆಮೇಲಿನ ವರ್ಷಗಳೇ ಸುಳ್ಳು ಮಾಡಿವೆ. 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಬಿಸಿಯೂಟ ಶುರುವಾಯಿತು, 2006–07ರಲ್ಲಿ ಎಂಟನೇ ತರಗತಿಗೆ ಸೈಕಲ್ಲು ಬಂತು, 2010ರಿಂದ ಶಿಕ್ಷಣ ಹಕ್ಕಿನ ಕಾಯ್ದೆ ಜಾರಿಯಾಯಿತು; 2011ರ ಹೊತ್ತಿಗೆ ಹೆಂಗಸರ ಸಾಕ್ಷರತೆ ಶೇ. 68 ಮುಟ್ಟಿತು. ಈ ಏರಿಕೆಗೆ ಬೇರೆ ಕಾರಣಗಳೂ ಇವೆ, ನಿಜ. ಆದರೂ ಅನ್ನ ಮತ್ತು ದಾರಿ ಸಿಕ್ಕ ಮಗು ಹೆಚ್ಚು ಕಾಲ ಶಾಲೆಯಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಸಿಗದವರ ತಲೆಮಾರೇ ಇಂದು ಸಮ್ಮಿಲನದ ವಯಸ್ಸಿನಲ್ಲಿದೆ.

ಇನ್ನು ಕೆಲವರು ಶಾಲೆ ಬಿಟ್ಟವರಲ್ಲ, ಶಾಲೆಯೇ ಅವರನ್ನು ಬಿಟ್ಟು ಹೋಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರುಗಳು ನೀರಿನಡಿ ಹೋದವು. ಕುಟುಂಬಗಳು ಶಿವಮೊಗ್ಗ ಜಿಲ್ಲೆಯ ದೂರದೂರದ ಕಾಡಂಚುಗಳಿಗೆ ಚದುರಿದವು. ಆಲಮಟ್ಟಿಯ ಹಿನ್ನೀರಿನಿಂದ ಹಳೆ ಬಾಗಲಕೋಟೆಯ ಓಣಿಗಳೂ ಸುತ್ತಲ ಹಳ್ಳಿಗಳೂ ಮುಳುಗಿದವು. ಜನ ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಹೋದರು. ಮುಳುಗಡೆಯ ಪರಿಹಾರ ಮನೆಗೆ, ಜಮೀನಿಗೆ, ಮರಕ್ಕೆ ಲೆಕ್ಕ ಕಟ್ಟಿತು. ಒಂದೇ ತರಗತಿಯ ಮಕ್ಕಳು ಬೇರೆ ಬೇರೆ ಕೇಂದ್ರಗಳ ಪಾಲಾದದ್ದಕ್ಕೆ ಯಾವ ನಮೂನೆಯಲ್ಲೂ ಜಾಗವಿರಲಿಲ್ಲ. ಇಂಥ ಊರಿನವರಿಗೆ ಮರಳಿ ಹೋಗಲು ಗೇಟಿಲ್ಲ, ಅಂಗಳವಿಲ್ಲ, ಧ್ವಜಕಟ್ಟೆಯಿಲ್ಲ. ಅವರ ಪಾಲಿಗೆ ಶಾಲೆ ಎಂದರೆ, ಎಲ್ಲಾದರೂ ಉಳಿದಿದ್ದರೆ, ಆ ಪುಸ್ತಕ ಒಂದೇ. ಮುಳುಗಡೆಯ ಊರುಗಳ ಹಳೆ ವಿದ್ಯಾರ್ಥಿಗಳು ಯಾರಾದರೂ ಸಮ್ಮಿಲನದ ಯೋಚನೆ ಮಾಡಿದರೆ, ಕಲ್ಯಾಣ ಮಂಟಪ ಗೊತ್ತುಮಾಡುವುದಕ್ಕೆ ಮೊದಲು ತಮ್ಮ ಶಾಲೆಯ ದಾಖಲೆಗಳು ಯಾವ ಶಾಲೆಗೆ ಹಸ್ತಾಂತರವಾದವು ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು.

ಪುಸ್ತಕದಲ್ಲಿರುವ ಎಲ್ಲರನ್ನೂ ಕರೆಯಬೇಕೆಂಬ ಮಾತಿಗೆ ಬರುವ ಮೊದಲ ಆಕ್ಷೇಪ ಮನಸ್ಸಿಗೆ ಸಂಬಂಧಿಸಿದ್ದು. ಅರ್ಧಕ್ಕೆ ಓದು ಬಿಟ್ಟವರನ್ನು ಕರೆದರೆ ಅವರಿಗೆ ಮುಜುಗರವಾಗದೇ? ಎಂಜಿನಿಯರು, ತಹಶೀಲ್ದಾರರ ಸಾಲಿನಲ್ಲಿ ನಿಂತು ಪರಿಚಯ ಹೇಳಿಕೊಳ್ಳುವಾಗ ಅವರ ನೋವನ್ನು ಕೆದಕಿದಂತಾಗುವುದಿಲ್ಲವೇ? ಈ ಕಾಳಜಿ ಸುಳ್ಳಲ್ಲ. ಆದರೆ ಮುಜುಗರ ಹುಟ್ಟಿಸುವುದು ಕರೆಯಲ್ಲ, ಕಾರ್ಯಕ್ರಮದ ರಚನೆ. ಹುದ್ದೆ ಹೇಳಿಸುವ ಪರಿಚಯ, ಸಾಧಕರಿಗೆ ಮಾತ್ರ ವೇದಿಕೆಯಲ್ಲಿ ಕುರ್ಚಿ, ಎಲ್ಲರಿಗೂ ಒಂದೇ ಮೊತ್ತದ ವಂತಿಗೆ, ಎಲ್ಲರಿಗೂ ಒಂದೇ ಬಣ್ಣದ ಸೀರೆ ಅಂಗಿ ಹೊಲಿಸುವ ಒತ್ತಾಯ, ಇವು ಮುಜುಗರ ಹುಟ್ಟಿಸುತ್ತವೆ. ಇವನ್ನು ಕೈಬಿಡುವುದು ಕಷ್ಟವೇನಲ್ಲ. ಹೆಸರು ಕೂಗುವಾಗ ಪುಸ್ತಕದ ಕ್ರಮ ಸಂಖ್ಯೆಯಲ್ಲೇ ಕೂಗಿದರೆ ಸಾಕು. ಆ ಕ್ರಮದಲ್ಲಿ ಯಾರೂ ಮೇಲಿಲ್ಲ, ಯಾರೂ ಕೆಳಗಿಲ್ಲ. ಕರೆಯದೆ ಬಿಡುವುದರಿಂದ ಅವರ ಮಾನ ಉಳಿಯುತ್ತದೆಂದು ನಾವೇ ತೀರ್ಮಾನಿಸುವುದು ಅವರ ಪರವಾಗಿ ನಾವು ಮಾಡುವ ಎರಡನೆಯ ಹೊರಹಾಕುವಿಕೆ. ಬರುವುದೋ ಬಿಡುವುದೋ ಅವರ ಇಷ್ಟ. ಕರೆ ಮುಟ್ಟಿಸುವುದು ನಮ್ಮ ಕೆಲಸ. ಇಷ್ಟೆಲ್ಲ ಲೆಕ್ಕ ಹಾಕಿದರೆ ಸಮ್ಮಿಲನದ ನಲಿವೇ ಹೋಗಿ ಸಮೀಕ್ಷೆಯಾಗುತ್ತದೆ ಎನ್ನುವವರೂ ಇದ್ದಾರೆ. ಮೂರನೇ ತರಗತಿಯಲ್ಲಿ ಪಕ್ಕದಲ್ಲಿ ಕೂತು ಬಳಪ ಹಂಚಿಕೊಂಡವರು ಮತ್ತೆ ಸಿಗುವುದಕ್ಕಿಂತ ದೊಡ್ಡ ನಲಿವು ಯಾವ ಡಿಜೆಯಿಂದ ಬರುತ್ತದೆ ಎಂಬುದೇ ಅವರಿಗೆ ಉತ್ತರ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ದಾಖಲಾತಿ ಪುಸ್ತಕವನ್ನು ಹೀಗೆ ಪೂಜಿಸಬಹುದೇ? ಅದರಲ್ಲಿ ತಪ್ಪು ದಿನಾಂಕಗಳಿವೆ. ಮನೆಯಲ್ಲಿ ಕರೆಯುವ ಹೆಸರನ್ನು ತಿದ್ದಿ ಮೇಷ್ಟ್ರು ತಮಗೆ ತೋಚಿದ ಹೆಸರು ಬರೆದದ್ದಿದೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಮಕ್ಕಳು ಅದರಲ್ಲಿ ಇಲ್ಲವೇ ಇಲ್ಲ. ಬಿಟ್ಟ ಕಾರಣದ ಅಂಕಣದಲ್ಲಿ ‘ದೀರ್ಘ ಗೈರುಹಾಜರಿ’ ಎಂದಷ್ಟೇ ಬರೆದಿದ್ದರೆ ಬಾಲ್ಯವಿವಾಹವೋ ಜೀತವೋ ಬರಗಾಲದ ಗುಳೆಯೋ ತಿಳಿಯುವುದಿಲ್ಲ. ಜೊತೆಗೆ ಜಾತಿಯ ಅಂಕಣ ಊರಿನ ಕೈಗೆ ಸಿಕ್ಕರೆ ಹೊಸ ಗಾಯವಾಗಬಹುದು. ಇವೆಲ್ಲ ಒಪ್ಪತಕ್ಕ ಮಾತುಗಳೇ. ಆದ್ದರಿಂದ ಪುಸ್ತಕದ ಪುಟಗಳ ಫೋಟೊ ತೆಗೆದು ಗುಂಪಿಗೆ ಹಾಕುವುದು ಖಂಡಿತ ಸಲ್ಲದು. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಅವರ ಎದುರಿನಲ್ಲೇ ಹೆಸರು, ಪೋಷಕರ ಹೆಸರು, ಊರು, ಸೇರಿದ ವರ್ಷ ಇಷ್ಟನ್ನು ಮಾತ್ರ ಬರೆದುಕೊಂಡರೆ ಸಾಕು. ಹುಡುಕುವುದಕ್ಕೆ ಇನ್ನೇನೂ ಬೇಕಿಲ್ಲ. ಪುಸ್ತಕದ ಕೊರತೆಗಳನ್ನು ತುಂಬುವ ದಾರಿಯೂ ಸಮ್ಮಿಲನವೇ. ಬಿಟ್ಟ ಕಾರಣವನ್ನು ಬಿಟ್ಟವರೇ, ಮನಸ್ಸಿದ್ದರೆ, ತಮ್ಮ ಬಾಯಿಂದ ಹೇಳಿ ಸ್ಮರಣ ಸಂಚಿಕೆಗೆ ಬರೆಸಲಿ. ಗಣ್ಯರ ಶುಭಾಶಯ ಪತ್ರಗಳಿಗೂ ಜಾಹೀರಾತಿಗೂ ಕೊಡುವ ಪುಟಗಳಲ್ಲಿ ಕಾಲುಭಾಗ ಅದಕ್ಕೆ ಸಿಕ್ಕರೂ, ಸಂಚಿಕೆ ಶಾಲೆಯ ನಿಜವಾದ ಚರಿತ್ರೆಯಾಗುತ್ತದೆ.

ಕೆಲಸಕ್ಕೆ ಇಳಿದವರಿಗೆ ತಿಳಿಯುತ್ತದೆ, ಎಲ್ಲಕ್ಕಿಂತ ಕಠಿಣವಾದದ್ದು ಹೆಣ್ಣುಮಕ್ಕಳನ್ನು ಹುಡುಕುವುದು. ಪುಸ್ತಕದಲ್ಲಿ ಹೆಸರಿನ ಜೊತೆ ತಂದೆಯ ಹೆಸರಿದೆ. ಈಗಿನ ಕಾಗದಗಳಲ್ಲಿ ಗಂಡನ ಹೆಸರು. ಕೆಲವರಿಗೆ ಗಂಡನ ಮನೆಯಲ್ಲಿ ಹೆಸರೇ ಬದಲಾಗಿದೆ. ಫೋನು ಮಗನ ಕೈಯಲ್ಲಿದೆ. ಗಂಡು ಗೆಳೆಯರು ಫೋನು ಮಾಡಿ ‘ನಾನು ನಿಮ್ಮ ಕ್ಲಾಸ್‌ಮೇಟು’ ಎಂದರೆ ಆ ಮನೆಯಲ್ಲಿ ಅನುಮಾನಕ್ಕೆ ದಾರಿಯಾದೀತು. ಆದ್ದರಿಂದ ತವರಿನ ಮೂಲಕ, ಹಿಂದಿನ ಗೆಳತಿಯರ ಮೂಲಕವೇ ಹೋಗಬೇಕು, ಪಟ್ಟಿಯ ಆ ಭಾಗವನ್ನು ಹೆಂಗಸರಿಗೇ ವಹಿಸಬೇಕು. ದಿನ ಗೊತ್ತುಮಾಡುವುದೂ ಅಷ್ಟೇ ಮುಖ್ಯ. ನಗರದಲ್ಲಿ ಕೆಲಸದಲ್ಲಿರುವವರ ಅನುಕೂಲಕ್ಕೆಂದು ಡಿಸೆಂಬರ್ ಕೊನೆಯ ಭಾನುವಾರವನ್ನು ಆರಿಸುವ ರೂಢಿಯಿದೆ. ಅದು ಬಹಳ ಕಡೆ ಸುಗ್ಗಿಯ, ಕೂಲಿಯ ಕಾಲ. ಮದುವೆಯಾಗಿ ಹೋದವರು ತವರಿಗೆ ಬರುವ ಕಾಲವೂ ಅಲ್ಲ. ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳು ನಾಗರ ಪಂಚಮಿಗೆ ತವರಿಗೆ ಬರುತ್ತಾರೆ, ಹಳೆ ಮೈಸೂರಿನ ಕಡೆ ಗೌರಿ ಹಬ್ಬದ ಸುತ್ತ. ಎಲ್ಲೆಡೆ ಊರ ಜಾತ್ರೆಗೆ. ಹಬ್ಬದ ಮರುದಿನವೋ ಜಾತ್ರೆಯ ಹಿಂದಿನ ದಿನವೋ ಶಾಲೆಯ ಅಂಗಳದಲ್ಲಿ ಸೇರುವುದಾದರೆ ಬಸ್ಸಿನ ಖರ್ಚೂ ಉಳಿಯುತ್ತದೆ, ಗಂಡನ ಮನೆಯ ಅಪ್ಪಣೆಯ ಪ್ರಶ್ನೆಯೂ ಏಳುವುದಿಲ್ಲ. ಬೆಂಗಳೂರು ಪುಣೆಗಳಲ್ಲಿರುವವರು ಎರಡು ದಿನ ರಜೆ ಹಾಕಿ ಬರಲಿ.