ಹೊಸ ಕಾರು ತಗೊಂಡ್ರಾ? ಪೂಜೆಗೂ ಮುಂಚೆ ನಂಬರ್, ಆರ್‌ಸಿ ನೋಡ್ಕೊಳ್ಳಿ

ಚಿಕ್ಕಯ್ಯನಛತ್ರ: ನಮ್ಮ ಹೋಬಳಿಯಲ್ಲಿ ಹೊಸ ಕಾರು ತಗೊಂಡವರು ಶೋರೂಂನಿಂದ ನೇರ ಹೋಗೋದು ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಗೆ. ಟಿ.ನರಸೀಪುರದ ಕಡೆಯವರಿಗೆ ಗುಂಜಾ ನರಸಿಂಹಸ್ವಾಮಿ. ಆಷಾಢ ಬಂದುಬಿಡುತ್ತೆ, ಮುಹೂರ್ತ ಮೀರುತ್ತೆ ಅಂತ ನಂಬರ್ ಬರೋ ಮೊದಲೇ ಗಾಡಿ ಕೊಡಿ ಅನ್ನೋರೂ ಇದ್ದಾರೆ. ಈ ಅವಸರ ಬೇಡ.

2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆ ಪ್ರಕಾರ, ಡೀಲರ್ ಇರುವ ರಾಜ್ಯದಲ್ಲೇ ನೋಂದಣಿಯಾಗುವ ಹೊಸ ಕಾರಿಗೆ ಅರ್ಜಿ ಹಾಕಬೇಕಾದವರು ಡೀಲರ್. ನಂಬರ್ ಪ್ಲೇಟ್ ಹಾಕದೆ ಗಾಡಿಯನ್ನು ಮಾಲೀಕರಿಗೆ ಕೊಡುವಂತಿಲ್ಲ. ಮೈಸೂರಿನ ನಂಬರ್ ಕೆಎ 09 (ಪಶ್ಚಿಮ) ಅಥವಾ ಕೆಎ 55 (ಪೂರ್ವ) ಆಗಿರುತ್ತದೆ. ಪ್ಲೇಟ್ ಎಚ್‌ಎಸ್‌ಆರ್‌ಪಿಯೇ ಆಗಿರಬೇಕು, ಮುಂದಿನ ಗಾಜಿನ ಮೇಲೆ ಸ್ಟಿಕ್ಕರ್ ಇರಬೇಕು.

ದಂಡ ಕಟ್ಟಿದರೆ ಮುಗೀತು ಅನ್ಕೋಬೇಡಿ, ದೊಡ್ಡ ಪೆಟ್ಟು ಬೀಳೋದು ವಿಮೆಯಲ್ಲಿ. ಜೋಧಪುರದಲ್ಲಿ ಕಳುವಾದ ಬೊಲೆರೊ ಒಂದರ ತಾತ್ಕಾಲಿಕ ನೋಂದಣಿ ಮುಗಿದು ಕೆಲವೇ ದಿನ ಆಗಿತ್ತು. ವಿಮಾ ಕಂಪನಿ ಹಣ ಕೊಡಬೇಕಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಪಘಾತದ ಪ್ರಕರಣವೊಂದರಲ್ಲಿ 2014ರಲ್ಲೂ ಇದೇ ತೀರ್ಪು ಬಂದಿತ್ತು. ಕಂತು ಕಟ್ಟೋದು ಮಾತ್ರ ತಪ್ಪಲ್ಲ.

ಅರ್ಜಿಗೆ ಸಹಿ ಹಾಕುವಾಗ ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇದೆಯಾ, ಇನಿಷಿಯಲ್ ಹಿಂದುಮುಂದಾಗಿದೆಯಾ ನೋಡಿ. ತಪ್ಪಿದ್ರೆ ಡಿಜಿಲಾಕರ್‌ಗೆ ಆರ್‌ಸಿ ಬರೋದೇ ಇಲ್ಲ. ಆರ್‌ಸಿ ಕಾರ್ಡ್ ಅಂಚೆಯಲ್ಲಿ ಬರುವುದರಿಂದ ವಿಳಾಸದಲ್ಲಿ ಊರು, ಅಂಚೆ, ಪಿನ್‌ಕೋಡ್, ಮೊಬೈಲ್ ನಂಬರ್ ಸರಿಯಿರಲಿ. ಶಾಸಿ, ಎಂಜಿನ್ ನಂಬರನ್ನು ಇನ್‌ವಾಯ್ಸ್ ಜೊತೆ ತಾಳೆ ನೋಡಿ. ಮಾರಾಟ ಪ್ರಮಾಣಪತ್ರ (ಫಾರಂ 21) ಮತ್ತು ತೆರಿಗೆ ರಸೀದಿಯ ಪ್ರತಿ ಕೇಳಿ ಇಸ್ಕೊಳ್ಳಿ.

ಗಾಡಿಯಲ್ಲಿ ಆರ್‌ಸಿ, ವಿಮೆ, ಡಿಎಲ್ ಇರಬೇಕು. ಹೊಗೆ ತಪಾಸಣೆ ಪತ್ರ ನೋಂದಣಿಯಾದ ಮೊದಲ ಒಂದು ವರ್ಷ ಬೇಕಿಲ್ಲ. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ತೋರಿಸಿದ್ರೂ ಕಾನೂನುಬದ್ಧವೇ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೋ ಲೆಕ್ಕಕ್ಕಿಲ್ಲ. ಕಾರು ಅಪ್ಪನ ಹೆಸರಲ್ಲಿದ್ದು ಮಗ ಓಡಿಸೋದು ನಮ್ಮ ಕಡೆ ಸಾಮಾನ್ಯ. ಅಪ್ಪನ ಡಿಜಿಲಾಕರ್ ಮಗನ ಫೋನಲ್ಲಿ ಇರಲ್ಲ, ಎಂಪರಿವಾಹನ್‌ನಲ್ಲಿ ಆರ್‌ಸಿ ಸೇರಿಸ್ಕೊಂಡಿರಲಿ. ಗುಂಡ್ಲುಪೇಟೆ ದಾಟಿ ವಯನಾಡು, ಊಟಿ ಕಡೆ ಹೊರಟರೆ ಇದನ್ನು ಮನೆಯಲ್ಲೇ ಮಾಡ್ಕೊಳ್ಳಿ, ಬಂಡೀಪುರ ಕಾಡಲ್ಲಿ ನೆಟ್‌ವರ್ಕ್ ನಂಬೋ ಹಾಗಿಲ್ಲ. ಅಂದಹಾಗೆ ಅಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್. ಅಸಲಿ ಆರ್‌ಸಿಯನ್ನು ಸದಾ ಡ್ಯಾಶ್‌ಬೋರ್ಡಲ್ಲಿ ಬಿಡಬೇಡಿ, ಕಾರು ಕಳುವಾದರೆ ಅದೂ ಹೋಗುತ್ತೆ.

ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆ 3 ವರ್ಷಕ್ಕೆ ಇರುತ್ತದೆ. ಸ್ವಂತ ಗಾಡಿಯ ಹಾನಿಗೆ ಇರೋ ವಿಮೆ ಸಾಮಾನ್ಯವಾಗಿ 1 ವರ್ಷಕ್ಕೆ ಮುಗಿಯುತ್ತೆ, ಪಾಲಿಸಿಯಲ್ಲಿ ಎರಡೂ ತಾರೀಖು ನೋಡಿ. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಎನ್‌ಒಸಿ, ಸಹಿ ಮಾಡಿದ ಫಾರಂ 35 ತಗೊಂಡು ಆರ್‌ಟಿಒಗೆ ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು.